ಗೋಡೆಯಾಚೆ ಮೂವತ್ತೇಳು ಮಂದಿ

ಬ್ರಾಂಕೋಟ್ ಊರಿನಲ್ಲಿ ಸತ್ತವರಿಗೆ ಗುಂಡಿ ತೋಡುತ್ತಿದ್ದವನ ಹೆಸರು ಐಲ್ವಿನ್. ಅವನಪ್ಪನೂ ಅದನ್ನೇ ಮಾಡುತ್ತಿದ್ದ. ಇಗರ್ಜಿಯ ಗಂಟೆ ಹೊಡೆಯುವುದು, ಅಂಗಳದ ಹುಲ್ಲು ಕೊಯ್ಯುವುದು, ಸತ್ತವರನ್ನು ಮಣ್ಣು ಮಾಡುವುದು, ಇಷ್ಟೂ ಸೇರಿ ಒಂದೇ ಕೆಲಸ. ಒಂದು ಗುಂಡಿಗೆ ಒಂದು ರೊಟ್ಟಿ, ಒಂದು ಮಡಕೆ ಬಾರ್ಲಿ ಹೆಂಡ. ಮನುಷ್ಯ ಒಳ್ಳೆಯವನೇ, ಆದರೆ ಬಾಯಲ್ಲಿ ಮಾತಿಲ್ಲ, ಮುಖದಲ್ಲಿ ನಗುವಿಲ್ಲ. ಸತ್ತವರ ಮನೆಯವರು ಎದೆ ಬಡಿದುಕೊಂಡು ಅಳುತ್ತಿದ್ದರೆ ಇವನು ಹೆಣದ ಉದ್ದವನ್ನು ಕಣ್ಣಲ್ಲೇ ಅಳೆದು ಗುದ್ದಲಿ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. "ಇವನಿಗೆ ದೇವರು ಎದೆ ಇರೋ ಜಾಗದಲ್ಲಿ ಮರದ ಕೊರಡು ಇಟ್ಟಿದಾನೆ" ಎಂದು ಪಕ್ಕದ ಮನೆಯ ಸಬೀನಾ ಅವನ ಎದುರಿಗೇ ಹೇಳುತ್ತಿದ್ದಳು.

ಜಾನ್ ದೊರೆ ಪಟ್ಟಕ್ಕೆ ಬಂದ ವಸಂತದಲ್ಲೇ ಐಲ್ವಿನ್‌ಗೂ ಮದುವೆಯಾಯಿತು. ಹುಡುಗಿ ಹೊಳೆಯಾಚೆಯ ಊರಿನವಳು, ಆಲ್ಡಿತಾ. ಹೊಸ ದೊರೆಯ ಹೆಸರಿನಲ್ಲೊಂದು, ಹೊಸ ಮದುಮಕ್ಕಳ ಹೆಸರಿನಲ್ಲೊಂದು ಅಂತ ಊರಿನವರು ಎರಡೆರಡು ಮಡಕೆ ಹೆಂಡ ಇಳಿಸಿದರು. ಹಾಗಂತ ದೊರೆಯ ಮೇಲೆ ಯಾರಿಗೂ ಅಂಥ ಪ್ರೀತಿಯೇನೂ ಇರಲಿಲ್ಲ. ಅಪ್ಪ ಹಿರಿಯ ಮಕ್ಕಳಿಗೆಲ್ಲ ಸೀಮೆ ಹಂಚಿ, ಇವನ ಸರದಿ ಬರುವಷ್ಟರಲ್ಲಿ ಕೈ ಬರಿದು ಮಾಡಿಕೊಂಡಿದ್ದ. ಅದಕ್ಕೇ ಚಿಕ್ಕಂದಿನಿಂದ ಇವನಿಗೆ 'ನೆಲವಿಲ್ಲದ ಜಾನ್' ಎಂದೇ ಹೆಸರು. ಅಣ್ಣಂದಿರೆಲ್ಲ ಸತ್ತು ಇಡೀ ದೇಶ ಕೈಗೆ ಬಂದರೂ ಆ ಹೆಸರು ಬಿಟ್ಟುಹೋಗಲಿಲ್ಲ. ಐದೇ ವರ್ಷಗಳಲ್ಲಿ ಸಮುದ್ರದಾಚೆಯ ಹಿರಿಯರ ಸೀಮೆಯನ್ನು ಫ್ರಾನ್ಸಿನ ದೊರೆಗೆ ಬಿಟ್ಟುಕೊಟ್ಟು ಬಂದ ಮೇಲಂತೂ ಅದು ಗಟ್ಟಿಯಾಗಿಯೇ ಅಂಟಿಕೊಂಡಿತು. ವೂಸ್ಟರ್ ಪೇಟೆಗೆ ಹೋಗಿಬರುವ ಗಾಡಿಯವರು ಅವನ ಸುದ್ದಿಯನ್ನು ಉಪ್ಪಿನ ಮೂಟೆಯ ಜೊತೆ ಹೊತ್ತು ತರುತ್ತಿದ್ದರು.

"ಮೂರು ವಾರಕ್ಕೊಂದ್ಸಲ ಮೈತುಂಬ ಬಿಸಿನೀರು ಹುಯ್ಕೋತಾನಂತೆ ಕಣ್ರೋ ದೊರೆ."

"ಅಷ್ಟೊಂದು ತೊಳೆಯೋಕೆ ಏನಿದ್ಯೋ ಅವನ ಮೈಮೇಲೆ?"

"ಅಣ್ಣನ ಮಗ ಸೆರೇಲೇ ಕಾಣೆಯಾದನಲ್ಲ. ಅದರದ್ದೇ ಕಲೆ ಇರಬೇಕು."

ಎಲ್ಲರೂ ನಕ್ಕರು. ಐಲ್ವಿನ್ ನಗಲಿಲ್ಲ. ದೊರೆ ಮೈ ತೊಳೆದುಕೊಂಡರೆ ತನಗೇನು ಎಂದುಕೊಂಡು ಮನೆಗೆ ಹೋಗಿ ಆಲ್ಡಿತಾ ಬಡಿಸಿದ ಕಾಳಿನ ಗಂಜಿ ಉಂಡು ಮಲಗಿದ.

ಆಲ್ಡಿತಾ ಊರಿನ ಹೆಣಗಳಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಗಂಡ ಗುಂಡಿ ತೋಡಿದರೆ ಹೆಂಡತಿ ಬಟ್ಟೆ ಹೊಲಿಯುವುದು ಅಲ್ಲಿನ ರೂಢಿ. ಸಾವು ಹೇಳಿಕೇಳಿ ಬರುವುದಿಲ್ಲವಲ್ಲ, ಅದಕ್ಕೆ ಅವಳು ಯಾವಾಗಲೂ ಹೆಣ ಹಾಕುವ ಎರಡು ಚೀಲಗಳನ್ನು ಹೊಲಿದು ಪೆಟ್ಟಿಗೆಯಲ್ಲಿ ಮಡಚಿಡುತ್ತಿದ್ದಳು, ಒಂದೇ ಥಾನಿನ ಬಟ್ಟೆ, ಒಂದೇ ಅಳತೆ. ಅವಳಿಗೆ ಎರಡು ಮಕ್ಕಳಾದವು. ಹೆಣ್ಣು ಒಂಬತ್ತು ದಿನ ಬದುಕಿತು, ಗಂಡು ಎರಡು ಚಳಿಗಾಲ ಕಂಡಿತು. ಎರಡನ್ನೂ ಐಲ್ವಿನ್ ತಾನೇ ಇಗರ್ಜಿಯ ಅಂಗಳದಲ್ಲಿ, ಮುದಿ ಯೂ ಮರದ ಕೆಳಗೆ, ಪಕ್ಕಪಕ್ಕದಲ್ಲಿ ಮಲಗಿಸಿದ. ಆಮೇಲೆ ಮಕ್ಕಳಾಗಲಿಲ್ಲ. ಆಲ್ಡಿತಾ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಆ ಮರದ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಇವನು ಗಂಟೆಯ ಹಗ್ಗ ಸುತ್ತಿಡುತ್ತ ಕಾಯುತ್ತಿದ್ದ. ಅವರಿಬ್ಬರ ಸಂಸಾರ ಹಾಗೆಯೇ ನಡೆಯುತ್ತಿತ್ತು.

ಜಾನ್ ದೊರೆಯ ಆಳ್ವಿಕೆಯ ಒಂಬತ್ತನೆಯ ವರ್ಷ, ಈಸ್ಟರ್ ಹಬ್ಬಕ್ಕೆ ಎರಡು ವಾರ ಇದೆ ಅನ್ನುವಾಗ, ಪಾದ್ರಿ ಸರ್ಲೊ ಇಗರ್ಜಿಯ ಬಾಗಿಲಿಗೆ ಅಡ್ಡ ನಿಂತು ಸುದ್ದಿ ಹೇಳಿದ. ಮಹಾಧರ್ಮಾಧ್ಯಕ್ಷ ಯಾರಾಗಬೇಕೆಂದು ದೊರೆಗೂ ರೋಮಿನ ಪೋಪರಿಗೂ ಜಗಳ ಹತ್ತಿದೆ. ದೊರೆ ಜಗ್ಗಲಿಲ್ಲ. ಪೋಪರು ಇಡೀ ದೇಶಕ್ಕೆ ಬಹಿಷ್ಕಾರ ಹಾಕಿದ್ದಾರೆ. ಇನ್ನು ಪೂಜೆ ಇಲ್ಲ, ಗಂಟೆ ಇಲ್ಲ, ಇಗರ್ಜಿಯಲ್ಲಿ ಮದುವೆ ಇಲ್ಲ. ಹುಟ್ಟಿದ ಕೂಸಿಗೆ ದೀಕ್ಷಾಸ್ನಾನ ಕೊಡಬಹುದು, ಸಾಯುವವರ ಪಾಪನಿವೇದನೆ ಕೇಳಬಹುದು, ನಡುವೆ ಬದುಕಿಕೊಂಡು ಇರುವವರಿಗೆ ಏನೂ ಇಲ್ಲ. ಇಬ್ಬರು ದೊಡ್ಡವರು ಕಿತ್ತಾಡಿ ನಮ್ಮ ಬಾಗಿಲಿಗೆ ಬೀಗ ಹಾಕಿದರಲ್ಲ ಎಂದು ಊರಿನವರು ಬಾಯಿಗೆ ಬಂದಂತೆ ಬೈದರು. ಐಲ್ವಿನ್ ಕೊನೆಯವರೆಗೂ ನಿಂತಿದ್ದು ಒಂದೇ ಮಾತು ಕೇಳಿದ.

"ಸ್ವಾಮಿ, ಸತ್ತವರನ್ನ ಎಲ್ಲಿ ಹಾಕೋದು?"

"ಅಂಗಳದಲ್ಲಿ ಹಾಕೋ ಹಾಗಿಲ್ಲಪ್ಪ. ಅದು ಪವಿತ್ರ ಮಣ್ಣು. ಗೋಡೆಯಾಚೆ ಹಾಕು."

"ಆಚೆ ಇರೋರು ಇಬ್ಬರೇ ಸ್ವಾಮಿ. ನೇಣು ಹಾಕ್ಕೊಂಡ ಬಡಗಿ, ಹೆಸರಿಡೋಕೆ ಮುಂಚೆ ಸತ್ತ ಕೂಸು."

"ಇನ್ಮೇಲೆ ಅವರಿಗೆ ಜೊತೆ ಸಿಗುತ್ತೆ ಬಿಡು" ಎಂದು ಸರ್ಲೊ ಒಳಗೆ ಹೋದ. ಅವನಿಗೂ ತಲೆ ಕೆಟ್ಟಿತ್ತು. ಪೋಪರ ಮೇಲಿನ ಸಿಟ್ಟನ್ನು ದೊರೆ ಪಾದ್ರಿಗಳ ಮೇಲೆ ತೀರಿಸಿಕೊಂಡ: ಅವರ ಕಣಜಗಳಿಗೆ ಮುದ್ರೆ ಬಿತ್ತು, ಆಮೇಲೆ ಅವರ ಮನೆಗಳಲ್ಲಿ 'ಅಡುಗೆ ಮಾಡಿಕೊಂಡಿರುವ' ಹೆಂಗಸರನ್ನೆಲ್ಲ ದೊರೆಯ ಆಳುಗಳು ಹಿಡಿದೊಯ್ದರು. ಸರ್ಲೊನ ಅಡುಗೆಯವಳೂ ಹೋದಳು. ಕಾಡಿಬೇಡಿ ಅವಳನ್ನು ಬಿಡಿಸಿಕೊಂಡು ಬರಲು ಅವನಿಗೆ ಎರಡು ತಿಂಗಳು ಹಿಡಿಯಿತು. "ಪೋಪರಿಗೆ ನೋವಾಗ್ಲಿ ಅಂತ ನಮ್ಮ ಸ್ವಾಮಿಯ ಗಂಜಿಗೆ ಕಲ್ಲು ಹಾಕಿದ್ನಲ್ಲ ದೊರೆ" ಎಂದು ಸಬೀನಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆದರೆ ಸಾವು ನಗುವ ವಿಷಯವಾಗಿರಲಿಲ್ಲ. ಮೊದಲು ಹೋದವನು ಗಾಡಿ ಓಸ್ಬರ್ಟ್. ಮಕ್ಕಳು ಅವನನ್ನು ಹೊತ್ತು ತಂದು ಅಂಗಳದ ಬಾಗಿಲಲ್ಲಿ ಇಳಿಸಿ, ಒಳಗೆ ಬಿಡುವುದಿಲ್ಲ ಎಂದಾಗ ಅಲ್ಲೇ ಕುಳಿತು ಗೋಳಾಡಿದರು. ಐಲ್ವಿನ್ ಅವರನ್ನು ಎಬ್ಬಿಸಿ ಉತ್ತರದ ಗೋಡೆಯಾಚೆ, ಗಿಡಗಂಟಿ ಬೆಳೆದ ಬೀಳಿನಲ್ಲಿ, ತಲೆ ಪಡುವಣಕ್ಕೆ ಬರುವಂತೆ ಗುಂಡಿ ತೋಡಿದ. ಸತ್ತವರಿಗೆ ಹೊಡೆಯುವ ಗಂಟೆಯೂ ಇಲ್ಲ. ಗಂಡಸಾದರೆ ಮೂರು ಪೆಟ್ಟು, ಹೆಂಗಸಾದರೆ ಎರಡು. ಹೊಲದಲ್ಲಿ ಇರುವವರು ಕೇಳಿ, ಟೋಪಿ ತೆಗೆದು, ಯಾರಿರಬಹುದು ಎಂದು ಲೆಕ್ಕ ಹಾಕುತ್ತಿದ್ದ ಪೆಟ್ಟುಗಳು ಅವು. ಅಂದು ಏನೂ ಕೇಳಿಸಲಿಲ್ಲ.

"ಐಲ್ವಿನ್, ದೊರೆಗೂ ಪೋಪರಿಗೂ ಒಂದು ದಿನ ರಾಜಿ ಆಗೇ ಆಗುತ್ತೆ" ಎಂದ ಓಸ್ಬರ್ಟನ ಹಿರೀಮಗ. "ಆಗ ನಮ್ಮಪ್ಪನ್ನ ಒಳಗೆ ತರ್ಬೇಕು. ಎಲ್ಲಿದಾನೆ ಅಂತ ನೀನು ಜ್ಞಾಪಕ ಇಟ್ಕೋ."

"ಇಟ್ಕೋತೀನಿ."

ಗುರುತಿಗೆ ಶಿಲುಬೆ ನೆಡುವಂತಿರಲಿಲ್ಲ. ಅದು ಪವಿತ್ರ ನೆಲವಲ್ಲ. ಕಲ್ಲಿಟ್ಟರೆ ದನಗಳು ಉರುಳಿಸುತ್ತಿದ್ದವು. ಓದುಬರಹ ಅವನಿಗೆ ಗೊತ್ತಿರಲಿಲ್ಲ. ಹಾಗಾಗಿ ಐಲ್ವಿನ್ ಒಂದು ಅಭ್ಯಾಸ ಮಾಡಿಕೊಂಡ. ಪ್ರತಿ ಭಾನುವಾರ, ಪೂಜೆ ನಡೆಯಬೇಕಾದ ಹೊತ್ತಿಗೆ ಸರಿಯಾಗಿ, ಗೋಡೆಯ ಬಿರುಕಿನಿಂದ ಹೆಜ್ಜೆ ಎಣಿಸುತ್ತ ಸಾಲಿನುದ್ದಕ್ಕೂ ನಡೆದು ಪ್ರತಿಯೊಬ್ಬರ ಹತ್ತಿರ ನಿಂತು ಹೆಸರು ಹೇಳುತ್ತಿದ್ದ. ಓಸ್ಬರ್ಟ್. ಕುರಿಕಾಯುವ ಹ್ಯಾಮೊ. ಹ್ಯಾಮೊನ ತಾಯಿ. ವರ್ಷ ಕಳೆದಂತೆ ಸಾಲು ಎರಡಾಯಿತು, ಮೂರಾಯಿತು. ಬೇರೆ ಪೂಜೆ ಇಲ್ಲದ ಊರಿನಲ್ಲಿ ಜನ ಅವನ ಹಿಂದೆ ಬಂದು ನಿಲ್ಲತೊಡಗಿದರು. ಅವನು ಹೆಸರು ಹೇಳುತ್ತಿದ್ದ, ಅವರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಮಾತೇ ಆಡದ ಮನುಷ್ಯನ ಬಾಯಿಂದ ಊರಿನವರು ಅತಿ ಹೆಚ್ಚು ಮಾತು ಕೇಳಿದ್ದು ಆ ಆರು ವರ್ಷಗಳಲ್ಲೇ.

ನಾಲ್ಕನೆಯ ಚಳಿಗಾಲದಲ್ಲಿ ಜ್ವರ ಬಂತು. ಆಲ್ಡಿತಾ ಆರು ದಿನ ಮಲಗಿದಳು. ಏಳನೆಯ ದಿನ ಬೆಳಗ್ಗೆ ಅವಳಿಗೆ ಸ್ವಲ್ಪ ಎಚ್ಚರವಿತ್ತು.

"ಬಾಗಿಲು ತೆಗೆದ ಮೇಲೆ ನನ್ನನ್ನ ಮಕ್ಕಳ ಪಕ್ಕಕ್ಕೆ ತಂದಿಡು."

"ಹೂಂ."

"ಹೂಂ ಅನ್ಬೇಡ. ತರ್ತೀನಿ ಅನ್ನು."

"ತರ್ತೀನಿ."

ಅಷ್ಟೇ. ಮಧ್ಯಾಹ್ನಕ್ಕೆ ಅವಳು ಹೋದಳು. ಅದೇ ಮಧ್ಯಾಹ್ನ ಪಕ್ಕದ ಮನೆಯಲ್ಲಿ ಸಬೀನಾಳ ತಾಯಿ ಮುದುಕಿ ಗುನ್ನಿಲ್ಡಾ ಕೂಡ ಹೋದಳು. ಸಬೀನಾ ತಾನೂ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಹೆದರಿಕೆಗೆ ಯಾರೂ ಆ ಎರಡು ಮನೆಗಳ ಹತ್ತಿರ ಸುಳಿಯಲಿಲ್ಲ. ಐಲ್ವಿನ್ ಪೆಟ್ಟಿಗೆ ತೆಗೆದ. ಆಲ್ಡಿತಾ ಹೊಲಿದಿಟ್ಟ ಎರಡು ಚೀಲ ಇದ್ದವು. ಒಂದರಲ್ಲಿ ಹೆಂಡತಿಯನ್ನು ಹಾಕಿ ಬಾಯಿ ಹೊಲಿದ, ಇನ್ನೊಂದನ್ನು ಹಿಡಿದುಕೊಂಡು ಹೋಗಿ ಮುದುಕಿಯನ್ನು ಹಾಕಿ ಹೊಲಿದ. ಇಬ್ಬರೂ ಸಣ್ಣ ಆಳು. ಇಬ್ಬರನ್ನೂ ಎಳೆಬಂಡಿಯಲ್ಲಿ ಹಾಕಿಕೊಂಡು ಹೊರಟ.

ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಒಂದಕ್ಕೊಂದು ತಾಗಿದಂತೆ ಎರಡು ಗುಂಡಿ ತೋಡುವಷ್ಟರಲ್ಲಿ ಅಂಗೈ ಒಡೆದು ಗುದ್ದಲಿಯ ಕಾವಿಗೆ ಅಂಟಿಕೊಂಡಿತು. ಆ ದಿನದ ವಿಷಯ ಅವನಿಗೆ ಆಮೇಲೆ ನೆನಪಿದ್ದದ್ದು ಅದೊಂದೇ: ಕಾವಿಗೆ ಅಂಟಿದ ಕೈ. ಅಳು ಬಂದಿರಲಿಲ್ಲ. ಏನೂ ಬಂದಿರಲಿಲ್ಲ. ಮುಚ್ಚಿ, ತುಳಿದು, ಬಂಡಿ ಎಳೆದುಕೊಂಡು ಮನೆಗೆ ಬಂದು ಒಲೆ ಹೊತ್ತಿಸದೆ ಕುಳಿತ.

ಮುಂದಿನ ಭಾನುವಾರ ಹೆಸರು ಹೇಳುತ್ತ ಮೂರನೆಯ ಸಾಲಿನ ಕೊನೆಗೆ ಬಂದ. "ಗುನ್ನಿಲ್ಡಾ, ಆಲ್ಡಿತಾ" ಎಂದ. ಸರಿಯಾಗಿಯೇ ಇದೆ ಅನ್ನಿಸಿತು. ಮನಸ್ಸಿನಲ್ಲೇ "ಆಲ್ಡಿತಾ, ಗುನ್ನಿಲ್ಡಾ" ಎಂದುಕೊಂಡ. ಅದೂ ಅಷ್ಟೇ ಸರಿಯಾಗಿದೆ ಅನ್ನಿಸಿತು. ಬಂಡಿಯಿಂದ ಮೊದಲು ಯಾರನ್ನು ಎತ್ತಿದೆ? ಯಾವ ಕಡೆಗೆ ಇಳಿಸಿದೆ? ಎಷ್ಟು ತಡಕಿದರೂ ಕೈಗೆ ಸಿಕ್ಕಿದ್ದು ಗುದ್ದಲಿಯ ಕಾವು ಮಾತ್ರ. ಊರಿನ ಹೆಣಗಳೆಲ್ಲ ಅವನ ಬಾಯಲ್ಲಿದ್ದವು, ಹೆಂಡತಿಯದೇ ಇರಲಿಲ್ಲ.

ಜ್ವರ ಬಿಟ್ಟು ಎದ್ದ ಸಬೀನಾ ಕೋಲೂರಿಕೊಂಡು ಬಂದು ಕೇಳಿದಳು, "ನಮ್ಮಮ್ಮ ಎಲ್ಲಿದಾಳೋ?"

ಅವನು ಎರಡು ದಿಬ್ಬಗಳನ್ನೂ ನೋಡಿದ. ಆಮೇಲೆ "ಎಡಗಡೇದು" ಎಂದ.

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಹಾಗೆಂದರೆ ಉಳಿದವರನ್ನೂ ಯಾರು ನಂಬುತ್ತಾರೆ? ಓಸ್ಬರ್ಟನ ಮಕ್ಕಳು ನಂಬುತ್ತಾರೆಯೇ? ಹೀಗೆಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆಯಾಗಿತ್ತು.

ಅಂದಿನಿಂದ ಸಬೀನಾ ಹೊತ್ತು ಸಿಕ್ಕಾಗಲೆಲ್ಲ ಎಡಗಡೆಯ ದಿಬ್ಬದ ಹತ್ತಿರ ಕದಿರು ಹಿಡಿದು ಕುಳಿತು ನೂಲುತ್ತ ತಾಯಿಯ ಜೊತೆ ಮಾತಾಡುತ್ತಿದ್ದಳು. ಅವಳ ಗಂಡ ದೊರೆಯ ದಂಡಿಗೆ ಬಿಲ್ಲು ಹಿಡಿದು ಹೋದವನು ತಿರುಗಿ ಬಂದಿರಲಿಲ್ಲ. ಮಾತಾಡಲು ಅವಳಿಗೆ ಬೇರೆ ಯಾರೂ ಇರಲಿಲ್ಲ. ಐಲ್ವಿನ್ ಬಲಗಡೆಯ ದಿಬ್ಬದ ಹತ್ತಿರ ನಿಲ್ಲುತ್ತಿದ್ದ. ಅವನಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಗೊತ್ತಿಲ್ಲದವರ ಮನೆಯ ಬಾಗಿಲಲ್ಲಿ ನಿಂತಂತೆ ನಿಂತಿದ್ದು ಹೋಗುತ್ತಿದ್ದ.

ದೇಶದ ಸುದ್ದಿ ಬರುತ್ತಲೇ ಇತ್ತು. ಪೋಪರು ದೊರೆಯನ್ನು ಹೆಸರು ಹಿಡಿದೇ ಧರ್ಮದಿಂದ ಹೊರಗೆ ಹಾಕಿದ್ದರು. ದೊರೆಗೆ ಅದರಿಂದ ಊಟ ನಿದ್ದೆ ಕೆಟ್ಟಂತೆ ಕಾಣಲಿಲ್ಲ. ಉತ್ತರದಲ್ಲೊಬ್ಬ ಸನ್ಯಾಸಿ, ಬರುವ ಹಬ್ಬದ ಹೊತ್ತಿಗೆ ಇವನು ದೊರೆಯಾಗಿರುವುದಿಲ್ಲ ಎಂದು ಭವಿಷ್ಯ ನುಡಿದ. ಹಬ್ಬ ಬಂತು ಹೋಯಿತು, ದೊರೆ ಉಳಿದ, ಸನ್ಯಾಸಿಗೆ ನೇಣಾಯಿತು. ಕೊನೆಗೆ ಫ್ರಾನ್ಸಿನವರು ಹಡಗು ಕಟ್ಟುತ್ತಿದ್ದಾರೆ ಎಂದು ಗೊತ್ತಾದಾಗ ಮಾತ್ರ ದೊರೆ ಪೋಪರ ಕಾಲು ಹಿಡಿದ. ಆಮೇಲೂ ಬಾಗಿಲು ತೆಗೆಯಲು ಒಂದು ವರ್ಷ ಎಳೆದಾಡಿದರು. ದೊಡ್ಡವರ ರಾಜಿ ಎಂದರೆ ಹಾಗೆ, ಗೋಡೆಯಾಚೆ ಮಲಗಿದವರಿಗೇನು ಅವಸರ ಎಂದು ಅವರ ಎಣಿಕೆ.

ಜುಲೈ ತಿಂಗಳ ಒಂದು ಬೆಳಗ್ಗೆ ಗಂಟೆ ಹೊಡೆಯಲು ಅಪ್ಪಣೆ ಬಂತು. ಆರು ವರ್ಷ ಮುಟ್ಟದ ಹಗ್ಗ ಐಲ್ವಿನ್‌ನ ಕೈಯಲ್ಲಿ ಪುಡಿಯಾಗಿ ಉದುರಿತು. ಹೊಸದನ್ನು ಕಟ್ಟಿ ಹೊಡೆದ. ಜನ ಹೊಲದಿಂದ ಓಡಿಬಂದರು, ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸತ್ತವರಿಗೆ ತಪ್ಪಿಹೋದ ಪೆಟ್ಟುಗಳನ್ನೂ ಈಗ ಹೊಡೆಯಲೇ ಎಂದು ಐಲ್ವಿನ್ ಕೇಳಿದ. "ಮೂವತ್ತೇಳು ಜನಕ್ಕೆ ಹೊಡೀತಾ ಕೂತ್ರೆ ಊರು ದಿಕ್ಕೆಟ್ಟು ಓಡುತ್ತೆ ಕಣೋ. ಮೂಳೆ ಒಳಗೆ ತಾ, ಅಷ್ಟು ಸಾಕು" ಎಂದ ಸರ್ಲೊ.

ಮಾರನೆಯ ದಿನದಿಂದ ಅಗೆಯುವ ಕೆಲಸ. ಐಲ್ವಿನ್ ಬಿರುಕಿನಿಂದ ಹೆಜ್ಜೆ ಎಣಿಸಿದ, ನಿಂತ, "ಓಸ್ಬರ್ಟ್" ಎಂದ, ಅಗೆದ. ಎರಡು ಬಾರಿ ಮುರಿದು ಕೂಡಿದ ಮೊಣಕಾಲು ಸಿಕ್ಕಿತು. "ಅಪ್ಪಾ!" ಎಂದು ಹಿರೀಮಗ ಮಂಡಿಯೂರಿದ. ಹ್ಯಾಮೊನ ಕೆಳದವಡೆಯ ಎಡಭಾಗದಲ್ಲಿ ಹಲ್ಲಿರಲಿಲ್ಲ, ಸರಿ. ಹ್ಯಾಮೊನ ತಾಯಿಯ ಬೆನ್ನು ಬಾಗಿತ್ತು, ಸರಿ. ಒಬ್ಬೊಬ್ಬರನ್ನೂ ಬಟ್ಟೆಯಲ್ಲಿ ಎತ್ತಿಕೊಂಡು ಅಂಗಳದೊಳಗೆ ಹೊತ್ತೊಯ್ದರು. ಒಂದೂ ತಪ್ಪಾಗಲಿಲ್ಲ. ಊರು ಬೆರಗಾಯಿತು. ಅವನು ಮಾತ್ರ ಅಗೆಯುತ್ತ ಅಗೆಯುತ್ತ ಒಂದೇ ವಿಷಯ ಯೋಚಿಸುತ್ತಿದ್ದ. ಆಲ್ಡಿತಾಳನ್ನು ಯಾವುದರಿಂದ ಗುರುತು ಹಿಡಿಯಲಿ?

ಹನ್ನೆರಡು ವರ್ಷದ ಸಂಸಾರ. ಅವಳಿಗೆ ಎಲ್ಲಾದರೂ ಮೂಳೆ ಮುರಿದಿತ್ತೆ? ಗೊತ್ತಿಲ್ಲ. ಹಲ್ಲು ಬಿದ್ದಿತ್ತೆ? ಗೊತ್ತಿಲ್ಲ. ಗಂಜಿಗೆ ಉಪ್ಪು ಕಡಿಮೆ ಹಾಕುತ್ತಿದ್ದಳು. "ಬಾಗಿಲು ಮುಚ್ಚು, ಹೊಗೆ ತಿರುಗುತ್ತೆ" ಅನ್ನುತ್ತಿದ್ದಳು. ನಕ್ಕರೆ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ಅದು ಬಿಟ್ಟು ಏನೂ ತೋಚಲಿಲ್ಲ. ಊರಿನವರ ಮೊಣಕಾಲು, ಬೆನ್ನು, ದವಡೆಯೆಲ್ಲ ಬಲ್ಲವನು ತನ್ನ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಬದುಕಿದ್ದನೇ ಎಂದು ಅವನಿಗೆ ಮೊದಲ ಸಲ ಭಯವಾಯಿತು. ಮಾತು ಕೊಟ್ಟಿದ್ದಾನೆ. ಈಗ ತಪ್ಪಿದರೆ ತನ್ನ ಮಕ್ಕಳ ಪಕ್ಕದಲ್ಲಿ ಪಕ್ಕದ ಮನೆಯ ಮುದುಕಿ ಮಲಗುತ್ತಾಳೆ, ಅವರಮ್ಮ ಬೇರೆ ಯಾರದೋ ಹೆಸರಿನಲ್ಲಿ ದೂರ ಮಲಗುತ್ತಾಳೆ, ಕೊನೆಯ ತೀರ್ಪಿನ ದಿನದವರೆಗೂ.

ಕೊನೆಯ ಎರಡನ್ನು ಅವನು ಮುಂದೂಡುತ್ತಲೇ ಹೋದ. "ತನ್ನವಳನ್ನ ಕೊನೆಗೆ ಇಟ್ಕೊಂಡಿದಾನೆ ನೋಡ್ರಿ, ಎಂಥ ದೊಡ್ಡ ಮನಸ್ಸು" ಎಂದು ಜನ ಕೊಂಡಾಡಿದರು. ಕೊನೆಯ ದಿನ ಊರಿನವರೆಲ್ಲ ಹುಲ್ಲು ಕೊಯ್ಯಲು ಹೊಳೆಯ ಬಯಲಿಗೆ ಹೋಗಿದ್ದರು. ಸರ್ಲೊ ಬಾಗಿಲ ನೆರಳಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಸಬೀನಾ ಹೊಸ ಬಟ್ಟೆ ಮಡಚಿ ಹಿಡಿದು ಬಂದಳು.

ಐಲ್ವಿನ್ ಎಡಗಡೆಯದನ್ನು ಅಗೆದ. ಕೈಯಿಂದ ಮಣ್ಣು ಸರಿಸಿದ. ಬಟ್ಟೆ ಕರಗಿಹೋಗಿತ್ತು. ಸಬೀನಾ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು.

"ಇದು ನಮ್ಮಮ್ಮ ಅಲ್ಲ."

ಅವನು ತಲೆ ಎತ್ತಲಿಲ್ಲ.

"ನಮ್ಮಮ್ಮ ಅಟ್ಟದಿಂದ ಬಿದ್ದು ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು. ಈ ಕೈ ನೆಟ್ಟಗಿದೆ." ಅವಳು ಗುಂಡಿಗೆ ಇಳಿದೇಬಿಟ್ಟಳು. ತಲೆಬುರುಡೆಯ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. "ಅಯ್ಯೋ ದೇವರೇ. ಇದು ಆಲ್ಡಿತಾ ಕಣೋ."

"ಹೇಗೆ ಹೇಳ್ತೀಯ?"

"ಹೇಗೆ ಹೇಳ್ತೀಯ ಅಂದ್ರೆ? ಮುಂದಿನ ಹಲ್ಲು ನೋಡು. ನೂಲು ಕಚ್ಚಿ ಕಚ್ಚಿ ಕಚ್ಚು ಬಿದ್ದಿದೆ. ಊರಿಗೆಲ್ಲ ಗೊತ್ತು." ತಟ್ಟನೆ ನಿಲ್ಲಿಸಿ ಅವನ ಮುಖ ನೋಡಿದಳು. "ನಿನಗೆ ಗೊತ್ತಿರ್ಲಿಲ್ವಾ?"

"ಇಲ್ಲ."

"ಯಾವುದು? ಹಲ್ಲಾ, ಗುಂಡೀನಾ?"

"ಎರಡೂ."

ಹೇಳಿಬಿಟ್ಟ. ಅಂದು ಹೂತದ್ದು, ಮರುವಾರ ಮರೆತದ್ದು, ಬಾಯಿಗೆ ಬಂದಂತೆ ಎಡಗಡೆ ಅಂದದ್ದು, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದ. ಸಬೀನಾ ಗುಂಡಿಯ ಅಂಚಿನಲ್ಲಿ ಕುಳಿತಳು. ಕೈಗೆ ಸಿಕ್ಕ ಮಣ್ಣಿನ ಹೆಂಟೆಯನ್ನು ಅವನ ಎದೆಗೆ ಬೀಸಿ ಒಗೆದಳು. ಇನ್ನೊಂದು ಒಗೆದಳು. ಅವನು ತಪ್ಪಿಸಿಕೊಳ್ಳಲಿಲ್ಲ.

"ಎರಡು ವರ್ಷದ ಮೇಲಾಯ್ತು ಕಣೋ ಪಾಪಿ! ಮನೇಲಿ ಆಗಿದ್ದು ಹೋಗಿದ್ದು ಎಲ್ಲ ಇಲ್ಲಿ ಕೂತು ಹೇಳ್ಕೊಂಡೆ. ಬರೀ ನನ್ನದಲ್ಲ, ನಿನ್ನದೂ. ಅಮ್ಮಾ, ಪಕ್ಕದ್ಮನೆ ಕೊರಡು ಒಲೆ ಹಚ್ಚದೆ ಹಸಿದು ಕೂತಿದೆ, ಒಂದು ಬಟ್ಟಲು ಗಂಜಿ ಕೊಟ್ಟು ಬಂದೆ, ಒಂದು ಒಳ್ಳೇ ಮಾತೂ ಅನ್ಲಿಲ್ಲ ಅಂತ ಬೈದಿದ್ದೀನಿ. ಅದನ್ನೆಲ್ಲ ಇವಳು ಕೇಳಿಸ್ಕೊಂಡು ಮಲಗಿದ್ಲಲ್ಲೋ!"

ಅವಳಿಗೆ ನಗು ಬಂತು, ನಗುತ್ತಿದ್ದಂತೆಯೇ ಅಳು ಬಂತು. ಸರ್ಲೊ ನೆರಳಿನಲ್ಲಿ ಮಗ್ಗುಲು ಬದಲಿಸಿ "ಏನಮ್ಮಾ ಅದು, ಸರಿಯಾಗಿದೆಯಾ?" ಎಂದು ಕೂಗಿದ. ಐಲ್ವಿನ್ ಗುದ್ದಲಿ ಬಿಗಿ ಹಿಡಿದ. ಈಗ ಇವಳು ಹೇಳಿದರೆ ಒಳಗೆ ಮಲಗಿಸಿದ ಮೂವತ್ತೈದು ಮಂದಿಯ ಮೇಲೂ ಊರಿಗೆ ಅನುಮಾನ ಹುಟ್ಟುತ್ತದೆ.

ಸಬೀನಾ ಮೂಗು ಒರೆಸಿಕೊಂಡಳು. "ಸರಿಯಾಗೇ ಇದೆ ಸ್ವಾಮಿ. ನೀವು ಮಲಗಿ."

ಬಲಗಡೆಯದನ್ನು ಅಗೆದಾಗ ಸೊಟ್ಟ ಮಣಿಕಟ್ಟು ಸಿಕ್ಕಿತು. ಗುನ್ನಿಲ್ಡಾ ತನ್ನ ಗಂಡನ ಪಕ್ಕಕ್ಕೆ ಹೋದಳು. ಆಲ್ಡಿತಾಳನ್ನು ಐಲ್ವಿನ್ ಯೂ ಮರದ ಕೆಳಗೆ ತಂದ. ಮಣ್ಣು ಮುಚ್ಚುವ ಮೊದಲು ಆ ಹಲ್ಲಿನ ಕಚ್ಚಿನ ಮೇಲೆ ಹೆಬ್ಬೆರಳು ಇಟ್ಟು ನೋಡಿದ. ನೂಲಿನ ಅಗಲಕ್ಕೆ ಸರಿಯಾಗಿತ್ತು. ಕೊಟ್ಟ ಮಾತು ನಡೆದಿತ್ತು, ನಡೆಸಿದ್ದು ಮಾತ್ರ ತಾನಲ್ಲ ಎಂದು ಅವನಿಗೆ ಗೊತ್ತಿತ್ತು. ಅಂದೂ ಅಳು ಬರಲಿಲ್ಲ. ಮನೆಗೆ ಹೋಗಿ ಕುಳಿತ.

ಆಮೇಲಿನ ಎರಡು ವರ್ಷ ದೊರೆಗೆ ನೆಮ್ಮದಿ ಇರಲಿಲ್ಲ, ದೊರೆಯಿಂದ ಯಾರಿಗೂ ನೆಮ್ಮದಿ ಇರಲಿಲ್ಲ. ಸಾಮಂತರು ಕತ್ತಿ ಹಿರಿದು ಅವನ ಕೈಯಲ್ಲಿ ಒಪ್ಪಂದಕ್ಕೆ ಮುದ್ರೆ ಒತ್ತಿಸಿದರು. ಅವನು ಮೂರೇ ತಿಂಗಳಲ್ಲಿ ಅದನ್ನು ಮುರಿದ. ಯುದ್ಧ ಹತ್ತಿತು, ಊರುಗಳು ಉರಿದವು, ಫ್ರಾನ್ಸಿನ ರಾಜಕುಮಾರ ಲಂಡನ್ನಿಗೆ ಬಂದು ಕುಳಿತ. ಅಕ್ಟೋಬರಿನಲ್ಲಿ ಸುದ್ದಿ ಬಂತು: ದೊರೆಯ ಸಾಮಾನಿನ ಬಂಡಿಗಳು ಕಡಲ ಉಸುಬು ಮರಳಿನಲ್ಲಿ ಮುಳುಗಿದವಂತೆ, ದೊರೆ ಹೊಟ್ಟೆ ಕೆಟ್ಟು ಸತ್ತನಂತೆ. ವೂಸ್ಟರಿನ ದೊಡ್ಡ ಇಗರ್ಜಿಯಲ್ಲಿ ಇಬ್ಬರು ಸಂತರ ನಡುವೆ ತನ್ನನ್ನು ಮಲಗಿಸಿ ಎಂದು ಹೇಳಿ ಸತ್ತಿದ್ದನಂತೆ.

"ಇಬ್ಬರು ಸಂತರ ನಡುವೆ!" ಎಂದಳು ಸಬೀನಾ. "ಕೊನೇ ದಿನ ಅವರು ಎದ್ದಾಗ ಇವನೂ ಸೆರಗು ಹಿಡ್ಕೊಂಡು ನುಗ್ಗಬಹುದು ಅಂತ ಇರಬೇಕು."

ಹೆಣ ಬ್ರಾಂಕೋಟಿನ ದಾರಿಯಲ್ಲೇ ಬಂತು. ಊರಿನವರು ದಾರಿಯ ಬದಿಗೆ ನಿಂತಿದ್ದರು, ದುಃಖಕ್ಕಲ್ಲ, ನೋಡಲು. ಸುತ್ತ ಪರದೇಶದ ಕೂಲಿ ಸಿಪಾಯಿಗಳು, ಮೈತುಂಬ ಆಯುಧ. ಟೋಪಿ ತೆಗೆಯಬೇಕೋ ಬೇಡವೋ ಎಂದು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐಲ್ವಿನ್ ಚಟ್ಟದ ಮೇಲಿನ ಉದ್ದವನ್ನು ಕಣ್ಣಲ್ಲೇ ಅಳೆದ. ಕುಳ್ಳ ಮನುಷ್ಯ, ಐದೂವರೆ ಅಡಿ, ಗುಂಡಿ ಚಿಕ್ಕದೇ ಸಾಕು. ಇವನು ಎಲ್ಲಿ ಮಲಗಿದ್ದಾನೆ ಎಂದು ಯಾರೂ ಹೆಜ್ಜೆ ಎಣಿಸಬೇಕಾಗಿಲ್ಲ ಎಂದುಕೊಂಡ. ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

ಜನ ಚದುರಿದರು. ಸಬೀನಾ ಕದಿರು ತಿರುಗಿಸುತ್ತ ಮನೆಯ ಕಡೆಗೆ ಹೊರಟಿದ್ದಳು. ನೂಲು ತುಂಡಾಯಿತು; ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಐಲ್ವಿನ್ ನಿಂತುಬಿಟ್ಟ.

"ಸಬೀನಾ, ಆಲ್ಡಿತಾ ನಗುವಾಗ ಬಾಯಿಗೆ ಕೈ ಅಡ್ಡ ಇಟ್ಕೋತಿದ್ಲಲ್ಲ."

ಎರಡು ವರ್ಷದ ಮೇಲೆ ಅವನ ಬಾಯಲ್ಲಿ ಆ ಹೆಸರು ಕೇಳಿ ಅವಳು ಆಶ್ಚರ್ಯದಿಂದ ತಿರುಗಿದಳು.

"ಇಲ್ವಲ್ಲ. ಅವಳು ಬಾಯ್ತುಂಬ ನಗೋಳು. ಅವಳ ನಗು ಹೊಳೆ ಕಡವಿನ ತನಕ ಕೇಳೋದು."

"ನಾನು ನೋಡಿದೀನಿ. ಯಾವಾಗಲೂ ಕೈ ಅಡ್ಡ ಇರ್ತಿತ್ತು."

ಸಬೀನಾ ಕದಿರು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ನಿನ್ನ ಮುಂದೆ ಇರ್ಬೇಕು ಕಣೋ. ಆ ಹಲ್ಲು ನಿನ್ನ ಕಣ್ಣಿಗೆ ಬೀಳಬಾರ್ದು ಅಂತ. ಚೆನ್ನಾಗಿ ಕಾಣಬೇಕಲ್ಲ ನಿನಗೆ."

ದೊರೆಗಾಗಿ ಗಂಟೆ ಹೊಡೆಯಬೇಕೆಂದು ಸರ್ಲೊ ಬೆಳಗ್ಗೆಯೇ ಹೇಳಿದ್ದ. ಐಲ್ವಿನ್ ಇಗರ್ಜಿಗೆ ಹೋದ, ಹಗ್ಗ ಹಿಡಿದ. ಕಣ್ಣು ಕಾಣಿಸುತ್ತಿರಲಿಲ್ಲ; ತೋಳಿನಿಂದ ಮುಖ ಒರೆಸಿಕೊಂಡ, ಮತ್ತೆ ಒದ್ದೆಯಾಯಿತು. ಒಂದು ಪೆಟ್ಟು ಹೊಡೆದ. ಇನ್ನೊಂದು ಹೊಡೆದ. ಹಗ್ಗವನ್ನು ಗೂಟಕ್ಕೆ ಸುತ್ತಿಟ್ಟ.

ಹೊಲದಲ್ಲಿ ಉಳುತ್ತಿದ್ದವರು ಟೋಪಿ ತೆಗೆದು ಮೂರನೆಯದಕ್ಕೆ ಕಾದರು. ಸರ್ಲೊ ಒಳಗೆ ಬಂದು ಇಣುಕಿದ.

"ಎರಡೇ ಹೊಡೆದ್ಯಲ್ಲೋ. ಹೆಂಗಸರಿಗೆ ಹೊಡೆಯೋದು ಅದು."

"ಹೌದು ಸ್ವಾಮಿ" ಎಂದ ಐಲ್ವಿನ್.